ಯಾರೂ ಕೇಳದ ಲೆಕ್ಕ

ಬಾಗಿಲು ತೆಗೆದಾಗ ಹೊರಗೆ ನಿಂತಿದ್ದವರು ನಮ್ಮ ಕ್ಲಸ್ಟರಿನ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯವರು. ಬಿಸಿಲಲ್ಲಿ ನಡೆದು ಬಂದಿದ್ದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಪಟ್ಟಿ. "ಮೇಡಂ, ನಿಮ್ಮ ಮಗಳ ಹೆಸರು ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಬಂದಿದೆ. ವಿಚಾರಿಸಬೇಕಿತ್ತು" ಅಂದರು. ಒಳಗೆ ಹಜಾರದಲ್ಲಿ ಮಗಳು ರಾಗಿ, ಹುರುಳಿ, ಅವರೆಬೇಳೆ ಮುಂದಿಟ್ಟುಕೊಂಡು, ಒಂದು ಪಾವು ಯಾವುದು ಎಷ್ಟು ತೂಗುತ್ತೆ ಅಂತ ನೋಡುತ್ತಾ ಕೂತಿದ್ದಳು. ನನ್ನ ಎದೆ ಧಸಕ್ ಅಂತು. ಶಾಲೆ ಬಿಡಿಸಿ ಏಳು ತಿಂಗಳಾಗಿತ್ತು. ಆ ಏಳು ತಿಂಗಳೂ ನಾನು ಹೆದರಿಕೊಂಡು ಕಾಯುತ್ತಿದ್ದದ್ದು ಇದೇ ಪ್ರಶ್ನೆಗೆ.

ಮಗಳನ್ನು ಮನೆಯಲ್ಲೇ ಓದಿಸುತ್ತಿದ್ದೇವೆ ಅಂತ ಗೊತ್ತಾದ ತಕ್ಷಣ ಜನ ಕೇಳೋದು ಒಂದೇ ಮಾತು. ಕಾನೂನಿನಲ್ಲಿ ಅವಕಾಶ ಇದೆಯಾ? ಹೌದು ಅಂದರೂ ತಪ್ಪಾಗುತ್ತೆ, ಇಲ್ಲ ಅಂದರೂ ತಪ್ಪಾಗುತ್ತೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವಿರೋದು ಮೈಸೂರಲ್ಲಿ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಮಾತಾಡೋದನ್ನೇ ಕಡಿಮೆ ಮಾಡಿದಳು. ಮನೆಯಲ್ಲಿ ಅಲ್ಲ, ಶಾಲೆಯಲ್ಲಿ. ಬೆಳಗ್ಗೆ ಯೂನಿಫಾರಂ ಹಾಕೋ ಹೊತ್ತಿಗೆ ಹೊಟ್ಟೆನೋವು. ಡಾಕ್ಟರ್ ಎರಡು ಸಲ ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಶಾಲೆಯವರ ಜೊತೆ ಮಾತಾಡಿದೆವು, ಕ್ಲಾಸ್ ಬದಲಿಸಿ ನೋಡಿದೆವು, ಕಾದು ನೋಡಿದೆವು. ಆ ಕಥೆಯನ್ನು ಇಲ್ಲಿ ಜಾಸ್ತಿ ಬೆಳೆಸೋದಿಲ್ಲ, ಅದು ಅವಳದ್ದು, ಬೇಕಾದರೆ ಮುಂದೊಂದು ದಿನ ಅವಳೇ ಬರೆದುಕೊಳ್ಳಲಿ. ಆ ವರ್ಷದ ಪರೀಕ್ಷೆ ಮುಗಿದ ಮೇಲೆ ನಾನೂ ನಮ್ಮನೆಯವರೂ ಕೂತು, ಒಂದು ವರ್ಷ ಮನೆಯಲ್ಲೇ ಓದಿಸಿ ನೋಡೋಣ ಅಂತ ತೀರ್ಮಾನ ಮಾಡಿದೆವು. ಅತ್ತೆ ಒಂದೇ ಪ್ರಶ್ನೆ ಕೇಳಿದರು. "ನಾಳೆ ಮಗುಗೆ ಸರ್ಟಿಫಿಕೇಟ್ ಯಾರಮ್ಮ ಕೊಡ್ತಾರೆ?" ಸರಿಯಾದ ಪ್ರಶ್ನೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ತೊಡಕು ಬಂದದ್ದು ಟಿಸಿ ಕೇಳಿದಾಗ. ಆಫೀಸಿನಲ್ಲಿದ್ದವರು ಕಂಪ್ಯೂಟರ್ ಮುಂದೆ ಕೂತು, "ಯಾವ ಶಾಲೆಗೆ ಸೇರಿಸ್ತೀರಿ?" ಅಂದರು. ಯಾವ ಶಾಲೆಗೂ ಇಲ್ಲ ಅಂದೆ. ಅವರು ಕೈ ಕಟ್ಟಿಕೊಂಡು ನನ್ನನ್ನೇ ನೋಡಿದರು. ನಮ್ಮ ರಾಜ್ಯದಲ್ಲಿ ಒಂದು ಮಗು ಒಂದನೇ ಕ್ಲಾಸಿಗೆ ಸೇರಿದರೆ ಅದಕ್ಕೊಂದು ಸ್ಯಾಟ್ಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವನ್ನು ಗುರುತಿಸುವ ನಂಬರ್ ಇರುತ್ತೆ, ಮಗು ಊರು ಬಿಟ್ಟರೂ ಶಾಲೆ ಬಿಟ್ಟರೂ ಆ ನಂಬರ್ ಜೊತೆಗೇ ಬರುತ್ತೆ. ಅದು ಎಲ್ಲೂ ಹೋಗಿ ಸೇರಲಿಲ್ಲ ಅಂದರೆ ಮಗು ಎಲ್ಲೋ ಕಳೆದುಹೋಗಿದೆ ಅಂತ ಅರ್ಥ. ಅವತ್ತು ನನಗೆ ಇದು ಗೊತ್ತಿರಲಿಲ್ಲ. ಸುಮ್ನೆ ತೊಂದರೆ ಕೊಡ್ತಿದ್ದಾರೆ ಅಂತ ಸಿಟ್ಟು ಬಂದಿತ್ತು. ಎರಡು ವಾರ ಓಡಾಡಿದ ಮೇಲೆ ಟಿಸಿ ಸಿಕ್ಕಿತು.

ಆಮೇಲೆ ಕಾನೂನು ಓದೋಕೆ ಕೂತೆ. ನಾನು ವಕೀಲೆ ಅಲ್ಲ. ಆದರೆ ಶಿಕ್ಷಣ ಹಕ್ಕು ಕಾಯ್ದೆ ದೊಡ್ಡ ಪುಸ್ತಕವೇನಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆರ್‌ಟಿಇ ಅಂದರೆ ನಮ್ಮ ಕಡೆ ಖಾಸಗಿ ಶಾಲೆಯ ಶೇಕಡಾ 25 ಸೀಟು ಅಂತಲೇ ಜನರಿಗೆ ಗೊತ್ತು. ಅದು ಒಂದು ಸೆಕ್ಷನ್ ಅಷ್ಟೇ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ಬಂತು, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿ ಮಾಡೋಕೆ 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ಅದೇ ತಿದ್ದುಪಡಿ ತಂದೆತಾಯಿಗೂ ಒಂದು ಕರ್ತವ್ಯ ಹೇಳುತ್ತೆ, 51ಎ ವಿಧಿಯ ಕೊನೆಯಲ್ಲಿ. ಮಗುವಿಗೆ ಕಲಿಯುವ ಅವಕಾಶ ಒದಗಿಸಬೇಕು ಅಂತ. ಗಮನಿಸಿ, ಅಲ್ಲಿರೋದು ಶಾಲೆ ಅನ್ನೋ ಮಾತಲ್ಲ, ಶಿಕ್ಷಣದ ಅವಕಾಶ ಅನ್ನೋ ಮಾತು. ಅದನ್ನು ಓದಿ ನನಗೆ ಹಾಯೆನಿಸಿತು.

ಆ ಸಮಾಧಾನ ಕಾಯ್ದೆಯ 10ನೇ ಸೆಕ್ಷನ್ ತನಕ ಮಾತ್ರ ಇತ್ತು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸೋದು ಪ್ರತಿ ತಂದೆತಾಯಿಯ, ಪೋಷಕರ ಕರ್ತವ್ಯ ಅಂತ ಅಲ್ಲಿ ನೇರವಾಗಿ ಬರೆದಿದೆ. ಸುತ್ತುಬಳಸು ಏನೂ ಇಲ್ಲ.

ಮಾವನವರ ಸ್ನೇಹಿತರೊಬ್ಬರು ವಕೀಲರು, ವಯಸ್ಸಾದವರು. ಅವರ ಮನೆಗೆ ಹೋದೆ. ಅವರು ಕಾಯ್ದೆಯನ್ನು ನನ್ನ ಕೈಗೇ ಕೊಟ್ಟು, "8ನೇ ಸೆಕ್ಷನ್ನಿನಲ್ಲಿ ಕಡ್ಡಾಯ ಅನ್ನೋ ಮಾತಿಗೆ ಏನು ಅರ್ಥ ಕೊಟ್ಟಿದ್ದಾರೆ, ಜೋರಾಗಿ ಓದಮ್ಮ" ಅಂದರು. ಓದಿದೆ. ಕಡ್ಡಾಯ ಶಿಕ್ಷಣ ಅಂದರೆ ಉಚಿತವಾಗಿ ಶಿಕ್ಷಣ ಕೊಡೋದು, ಮಗು ಶಾಲೆಗೆ ಸೇರಿ, ಹಾಜರಾಗಿ, ಓದು ಮುಗಿಸೋ ತನಕ ನೋಡಿಕೊಳ್ಳೋದು, ಇದು ಸರ್ಕಾರದ ಹೊಣೆ. ಅಂದರೆ ಕಡ್ಡಾಯದ ಭಾರ ಇರೋದು ಸರ್ಕಾರದ ಮೇಲೆ. ತಂದೆತಾಯಿಗೆ ಕರ್ತವ್ಯ ಅಂತ ಹೇಳಿದೆ, ಆದರೆ ತಪ್ಪಿದರೆ ಇಷ್ಟು ದಂಡ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮಾನ್ಯತೆ ಇಲ್ಲದೆ ಶಾಲೆ ನಡೆಸುವವರಿಗೆ ಒಂದು ಲಕ್ಷದವರೆಗೆ ದಂಡ ಇದೆ, ಮತ್ತೂ ನಡೆಸಿದರೆ ದಿನಕ್ಕೆ 10 ಸಾವಿರ. ಮಗುವಿಗೆ ಸೀಟು ಕೊಡೋಕೆ ಪರೀಕ್ಷೆ ಮಾಡುವ ಶಾಲೆಗೆ ದಂಡ ಇದೆ. ಅಪ್ಪ ಅಮ್ಮನಿಗೆ ಇಲ್ಲ.

"ಹಾಗಾದರೆ ನಾವು ಮಾಡ್ತಿರೋದು ಸರಿ ಅಂತಾಯ್ತಲ್ವಾ ಸರ್?" ಅಂದೆ.

"ದಂಡ ಇಲ್ಲ ಅಂದರೆ ಸರಿ ಅಂತ ಅಲ್ಲಮ್ಮ" ಅಂದರು. "ಕಾನೂನು ನಿಮ್ಮನ್ನು ಹಿಡಿಯೋಕೆ ಬಂದಿಲ್ಲ. ಅಷ್ಟೇ ಹೇಳಬಹುದು."

ಈ ಮಾತನ್ನು ನಾನು ಬಹಳ ಸಲ ನೆನಪಿಸಿಕೊಂಡಿದ್ದೇನೆ. ಮನೆಶಾಲೆ ಮಾಡುವವರ ವಾಟ್ಸಾಪ್ ಗುಂಪುಗಳಲ್ಲಿ "ಭಾರತದಲ್ಲಿ ಇದು ಪೂರ್ತಿ ಕಾನೂನುಬದ್ಧ, ಹೆದರಬೇಡಿ" ಅಂತ ಯಾರಾದರೂ ಧೈರ್ಯ ಹೇಳಿದಾಗೆಲ್ಲ ನಾನು ತಡೆಯುತ್ತೇನೆ. 2012ರಲ್ಲಿ ದೆಹಲಿ ಹೈಕೋರ್ಟಿನ ಒಂದು ಪ್ರಕರಣದಲ್ಲಿ ಕೇಂದ್ರ ಸರ್ಕಾರವೇ, ಇಷ್ಟಪಟ್ಟು ಮನೆಯಲ್ಲಿ ಓದಿಸುವವರಿಗೆ ಈ ಕಾಯ್ದೆಯಿಂದ ಅಡ್ಡಿ ಇಲ್ಲ ಅಂತ ಅಫಿಡವಿಟ್ ಹಾಕಿತ್ತು. ಆಮೇಲೆ ಅದೇ ಸರ್ಕಾರ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಇಂಥ ವಿಷಯವನ್ನು ಗಟ್ಟಿ ನೆಲ ಅಂತ ಹೇಳಿ ಇನ್ನೊಬ್ಬರ ಮಗುವನ್ನು ಅದರ ಮೇಲೆ ನಿಲ್ಲಿಸೋದು ತಪ್ಪು. ನೇರವಾಗಿ ಬಾಯಿ ತೆರೆದು ಒಪ್ಪಿಗೆ ಕೊಟ್ಟಿರೋದು ಒಂದೇ ಕಡೆ: 2012ರ ತಿದ್ದುಪಡಿಯಲ್ಲಿ, ತೀವ್ರ ಅಂಗವೈಕಲ್ಯ ಅಥವಾ ಒಂದಕ್ಕಿಂತ ಜಾಸ್ತಿ ವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯೋದನ್ನು ಆರಿಸಿಕೊಳ್ಳಬಹುದು ಅಂತ ಸೇರಿಸಿದ್ದಾರೆ. ಆ ಮಕ್ಕಳ ಮನೆಗೇ ಕಲಿಸುವವರು ಬರಬೇಕು. ಅಂಥ ಮಗು ಮನೆಯಲ್ಲಿದ್ದರೆ ಇದನ್ನು ಹಕ್ಕಿನಿಂದ ಕೇಳಿ, ಸುಮ್ಮನಿರಬೇಡಿ.

ಆ ದಿನಗಳಲ್ಲಿ ನಮಗೆ ಒಂದು ಸಲಹೆ ಬಂತು, ಒಬ್ಬರಿಂದಲ್ಲ, ಮೂರು ನಾಲ್ಕು ಜನರಿಂದ. ಯಾವುದಾದರೂ ಸಣ್ಣ ಶಾಲೆಯಲ್ಲಿ ಹೆಸರು ಬರೆಸಿ, ಫೀಸು ಕಟ್ಟಿ, ಅವರೇ ಹಾಜರಿ ಹಾಕಿಕೊಳ್ತಾರೆ, ಪರೀಕ್ಷೆಗೆ ಮಾತ್ರ ಹೋದರೆ ಸಾಕು. ನಮ್ಮನೆಯವರು ಒಂದು ರಾತ್ರಿ ಇದಕ್ಕೆ ಮನಸ್ಸು ಮಾಡಿದ್ದರು. ನಾನು ಒಪ್ಪಲಿಲ್ಲ. ಮಗಳು ಪ್ರತಿ ದಿನ ಎಲ್ಲೋ ಹಾಜರಿದ್ದಾಳೆ ಅಂತ ಯಾರೋ ಒಬ್ಬರು ಸುಳ್ಳು ಗುರುತು ಹಾಕಬೇಕು, ಅದಕ್ಕೆ ನಾವು ದುಡ್ಡು ಕೊಡಬೇಕು, ಅದನ್ನು ಮಗಳಿಗೂ ಹೇಳಿಕೊಡಬೇಕು. ಯಾರಾದರೂ ಕೇಳಿದರೆ ಈ ಶಾಲೆ ಹೆಸರು ಹೇಳು ಅಂತ. ಎಂಟು ವರ್ಷದ ಮಗುವಿಗೆ ಕಲಿಸುವ ಮೊದಲ ಪಾಠ ಅದಾಗೋದು ನನಗೆ ಬೇಡವಾಗಿತ್ತು. ಇವತ್ತಿಗೂ ಈ ದಾರಿ ಹಿಡಿದವರ ಬಗ್ಗೆ ನನಗೆ ಕೋಪ ಇಲ್ಲ, ಭಯದಿಂದ ಹಿಡೀತಾರೆ. ದಾರಿ ಮಾತ್ರ ಕೆಟ್ಟದ್ದೇ.

ಮತ್ತೆ ಬಾಗಿಲಿಗೆ ಬರುತ್ತೇನೆ. ಸಿಆರ್‌ಪಿ ಸರ್ ಒಳಗೆ ಬಂದು ಕೂತರು. ಮಜ್ಜಿಗೆ ಕೊಟ್ಟೆ. ಅವರು ಮಗಳ ಜೊತೆ ಮಾತಾಡಿದರು, ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ತೆಗೆಸಿ ಓದಿಸಿದರು. ಓದಿದಳು, ನಿಧಾನಕ್ಕೆ, ಆದರೆ ಗಟ್ಟಿಯಾಗಿ. ಹೊರಗಿನವರೊಬ್ಬರ ಮುಂದೆ ಅವಳು ಅಷ್ಟು ಜೋರಾಗಿ ಓದಿದ್ದನ್ನು ಕೇಳಿ ಎಷ್ಟೋ ದಿನ ಆಗಿತ್ತು. ಅವರಿಗೂ ಖುಷಿಯಾಯಿತು. ಆಮೇಲೆ ಪಟ್ಟಿ ಬಿಚ್ಚಿದರು. ಕಾರಣ ಅನ್ನೋ ಕಾಲಂನಲ್ಲಿ ಏನು ಬರೆಯೋದು ಅಂತ ಪೆನ್ನು ಹಿಡಿದು ಯೋಚಿಸಿದರು. "ನಿಮ್ಮ ಕಾರಣಕ್ಕೆ ಇಲ್ಲಿ ಜಾಗ ಇಲ್ಲ ಮೇಡಂ. ಇತರೆ ಅಂತ ಹಾಕ್ತೀನಿ."

ಆಗ ನಾನು ಪಟ್ಟಿ ನೋಡಿದೆ. ಮಗಳ ಹೆಸರಿನ ಮೇಲೆ ಇದ್ದದ್ದು ಒಬ್ಬ ಹುಡುಗ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನಂತೆ. ಕೆಳಗೆ ಇಬ್ಬರು ಅಣ್ಣ ತಂಗಿ, ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಕೊಡಗಿಗೆ ಹೋಗಿ ಇವರನ್ನೂ ಕರೆದುಕೊಂಡು ಹೋಗಿದ್ದರು. ಅದರ ಕೆಳಗೆ ಒಬ್ಬಳು ಹತ್ತು ವರ್ಷದ ಹುಡುಗಿ. ಅವಳ ಹೆಸರಿನ ಮೇಲೆ ಬೆರಳಿಟ್ಟು ಅವರು ಹೇಳಿದ್ದು ನನಗೆ ಹಾಗೇ ನೆನಪಿದೆ. "ಈ ಮಗು ಮನೇಲೂ ಹೀಗೇ ಹೇಳಿದ್ರು ಮೇಡಂ. ಮನೇಲೇ ಓದ್ತಾಳೆ ಅಂತ. ಒಳಗೆ ಹೋಗಿ ನೋಡಿದ್ರೆ ತಮ್ಮನ್ನ ಎತ್ಕೊಂಡು ಕೂತಿದ್ಲು. ನಿಮ್ಮದು ನಿಜ, ಅವರದು ಸುಳ್ಳು ಅಂತ ನಾನು ಹೇಗೆ ಬರೀಲಿ, ಹೇಳಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳು ಓದಿ ತೋರಿಸಿದ್ದಳು, ನಿಜ. ಆದರೆ ಏಳು ತಿಂಗಳಲ್ಲಿ ಅವಳು ಏನು ಕಲಿತಳು, ಎಷ್ಟು ದಿನ ಕೂತಳು, ಏನು ಓದಿದಳು ಅಂತ ತೋರಿಸೋಕೆ ಒಂದು ಹಾಳೆಯೂ ಮನೆಯಲ್ಲಿ ಇರಲಿಲ್ಲ.

ಆ ಪಟ್ಟಿ ಸುಮ್ಮನೆ ಬಂದದ್ದಲ್ಲ. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ ಕರ್ನಾಟಕ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು. ಆ ಮಕ್ಕಳನ್ನು ಮನೆ ಮನೆಗೆ ಹೋಗಿ ಹುಡುಕುವ ಕೆಲಸಕ್ಕೆ ಅದರಿಂದ ಬಿಗಿ ಬಂತು. ತಮ್ಮನನ್ನು ಎತ್ತಿಕೊಂಡು ಕೂತ ಆ ಹುಡುಗಿಗೋಸ್ಕರ ಇರುವ ಕಾನೂನು ಅದು. ನನ್ನ ಮಗಳು ಅದರ ಬಲೆಗೆ ಸಿಕ್ಕಿಕೊಂಡಳು ಅಂತ ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆ ಮಧ್ಯಾಹ್ನದಿಂದ ಹಾಗೆ ಅನ್ನಿಸಲಿಲ್ಲ. ಆ ಬಲೆಯ ಕಣ್ಣು ದೊಡ್ಡದಾದರೆ ಮೊದಲು ಜಾರಿಹೋಗೋದು ಆ ಮಗು, ನನ್ನ ಮಗು ಅಲ್ಲ.

ಅವತ್ತು ರಾತ್ರಿ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಅಕ್ಕ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾಳೆ, ಇಬ್ಬರು ಮಕ್ಕಳನ್ನೂ ಮನೆಯಲ್ಲೇ ಓದಿಸುತ್ತಾಳೆ. ಅಲ್ಲಿ ರಾಜ್ಯಕ್ಕೊಂದು ಕಾನೂನು. ಕೆಲವು ಕಡೆ ಒಂದು ಚೀಟಿ ಬರೆದುಕೊಟ್ಟರೂ ಸಾಕು, ಕೆಲವು ಕಡೆ ಅದೂ ಬೇಡ. ಪೆನ್ಸಿಲ್ವೇನಿಯಾ ಬಿಗಿ ಇರುವ ಕಡೆ. ಓದಿಸುವವರು ಹೈಸ್ಕೂಲ್ ಮುಗಿಸಿರಬೇಕು. ಪ್ರತಿ ವರ್ಷ ಆಗಸ್ಟ್ 1ರೊಳಗೆ ಅಫಿಡವಿಟ್ ಕೊಡಬೇಕು, ಏನೇನು ಕಲಿಸ್ತೀವಿ ಅಂತ ಜೊತೆಗೆ ಬರೆದುಕೊಡಬೇಕು. ವರ್ಷಕ್ಕೆ 180 ದಿನ, ಇಲ್ಲವೇ ಚಿಕ್ಕ ಮಕ್ಕಳಿಗೆ 900 ಗಂಟೆ. ಮೂರು, ಐದು, ಎಂಟನೇ ತರಗತಿಯಲ್ಲಿ ಪರೀಕ್ಷೆ. ಬೆಂಕಿ ಅನಾಹುತ ಆಗದ ಹಾಗೆ ನೋಡಿಕೊಳ್ಳೋದು ಹೇಗೆ ಅಂತಲೂ ಕಲಿಸಬೇಕು, ಅದೂ ಕಾನೂನಿನಲ್ಲೇ ಇದೆ. ಇನ್ನು ಮುಖ್ಯವಾದದ್ದು, ಮಗು ಏನೇನು ಓದಿತು ಅಂತ ಪುಸ್ತಕದ ಹೆಸರಿನ ಸಮೇತ ಆಯಾ ಹೊತ್ತಿಗೇ ಬರೆದಿಡಬೇಕು. ವರ್ಷದ ಕೊನೆಗೆ ಕೂತು ನೆನಪಿಂದ ಬರೆಯೋ ಹಾಗಿಲ್ಲ. ಜೂನ್ ಮುಗಿಯೋದರೊಳಗೆ ಅರ್ಹತೆ ಇರುವ ಹೊರಗಿನವರೊಬ್ಬರು, ಹೆಚ್ಚಾಗಿ ಒಬ್ಬ ಶಿಕ್ಷಕಿ, ಮಗುವಿನ ಜೊತೆ ಮಾತಾಡಿ, ಅದರ ಕೆಲಸ ನೋಡಿ, ಕಲಿಕೆ ಆಗಿದೆ ಅಂತ ಬರೆದುಕೊಡಬೇಕು.

"ಅಯ್ಯೋ, ಇಷ್ಟೆಲ್ಲಾ ಕೇಳ್ತಾರಾ?" ಅಂದೆ.

"ಕೇಳ್ತಾರೆ. ನಿಮ್ಮನ್ನ ಕೇಳಲ್ಲ. ಕೇಳದೇ ಇರೋದು ಒಳ್ಳೇದು ಅನ್ಕೋಬೇಡ ಕಣೇ" ಅಂದಳು.

ಮಾರನೇ ದಿನ ಅಂಗಡಿಯಿಂದ 200 ಪುಟದ ಒಂದು ಲಾಂಗ್ ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ ಹಿಂದಿನ ದಿನದ್ದನ್ನು ಮಗಳ ಕೈಯಲ್ಲೇ ಬರೆಸಿದೆ. ರಾಗಿ ಇಷ್ಟು, ಹುರುಳಿ ಇಷ್ಟು, ಅವರೆಬೇಳೆ ಇಷ್ಟು, ಸರ್ ಬಂದಿದ್ದರು, ಕನ್ನಡ ಓದಿದೆ. ಕೆಳಗೆ ನಾನು ಗಂಟೆ ಬರೆದೆ.

ಎಷ್ಟು ಗಂಟೆ ಅಂತ ಅಳತೆಗೆ ಏನಿಟ್ಟುಕೊಳ್ಳೋದು? ಅಮೆರಿಕದ ಲೆಕ್ಕ ನಮಗೆ ಬೇಕಾಗಿರಲಿಲ್ಲ, ನಮ್ಮ ಕಾಯ್ದೆಯಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ, ಅದು ಶಾಲೆಗಳಿಗೆ ಹೇಳಿದ್ದು. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ದಿನಕ್ಕೆ ಸುಮಾರು ನಾಲ್ಕು ಗಂಟೆ, ನಾಲ್ಕೂವರೆ ಗಂಟೆ. ಅದನ್ನೇ ನಮ್ಮ ಮನೆಗೂ ಹಿಡಿದೆ. ಪುಸ್ತಕಗಳಿಗೆ ಖರ್ಚಿಲ್ಲ, ರಾಜ್ಯದ ಪಠ್ಯಪುಸ್ತಕಗಳೆಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದನ್ನೇ ಓದಿಸಬೇಕು ಅಂತಿಲ್ಲ, ಆದರೆ ನಾಳೆ ಮಗು ಶಾಲೆಗೆ ವಾಪಸ್ ಹೋಗ್ತೀನಿ ಅಂದರೆ ಕೈ ಹಿಡಿಯೋದು ಅದೇ.

ಮೊದಲ ಪೂರ್ತಿ ವರ್ಷ ಕೂಡಿ ನೋಡಿದಾಗ 640 ಗಂಟೆ ಬಂತು. 160 ಗಂಟೆ ಕಡಿಮೆ. ಬರೆಯದೇ ಇದ್ದಿದ್ದರೆ, ನಾವು ದಿನವಿಡೀ ಕಲಿಯುತ್ತಲೇ ಇದ್ದೇವೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಗಣಿತ ವಾರಕ್ಕೆ ಎರಡೇ ದಿನ ನಡೆದಿತ್ತು, ಯಾಕೆಂದರೆ ಅದು ನನಗೇ ಇಷ್ಟ ಇಲ್ಲದ ವಿಷಯ. ಇಂಗ್ಲಿಷಿನಲ್ಲಿ ಅವಳು ಓದುವುದೆಲ್ಲ ಕಥೆ, ಬರೆಯುವುದು ಏನೂ ಇಲ್ಲ. ಇದೆಲ್ಲ ನೋಟ್‌ಬುಕ್ ಹೇಳಿದ್ದು. ಯಾವ ಅಧಿಕಾರಿಯೂ ಬಂದು ಹೇಳಲಿಲ್ಲ. ಮುಂದಿನ ವರ್ಷ ಗಣಿತಕ್ಕೆ ಪಕ್ಕದ ಬೀದಿಯ ನಿವೃತ್ತ ಮೇಷ್ಟರ ಹತ್ತಿರ ಕಳಿಸಿದೆ. ವರ್ಷಕ್ಕೊಂದು ಸಲ ಅವಳ ಕೆಲಸವನ್ನೆಲ್ಲ ನೋಡಿ, ಜೊತೆಗೆ ಕೂತು ಮಾತಾಡಿ, ಅರ್ಧ ಪುಟ ಬರೆದು ಸಹಿ ಹಾಕಿ ಕೊಡಿ ಅಂತ ಅವರನ್ನೇ ಕೇಳಿಕೊಂಡೆ. ಆ ಹಾಳೆಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ನನಗೆ ಅದು ಬೇಕಿತ್ತು. ನನ್ನ ಮಗಳನ್ನು ನಾನೇ ಅಳೆದರೆ ಅಳತೆ ಸರಿ ಬರಲ್ಲ.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ಪತ್ರವನ್ನೂ ಕೊಟ್ಟೆವು. ಮಗಳ ಹೆಸರು, ಹುಟ್ಟಿದ ದಿನ, ಸ್ಯಾಟ್ಸ್ ನಂಬರ್, ಇಂಥ ದಿನದಿಂದ ಮನೆಯಲ್ಲಿ ಓದಿಸುತ್ತಿದ್ದೇವೆ, ಯಾವಾಗ ಬೇಕಾದರೂ ಬಂದು ನೋಡಬಹುದು. ಇಷ್ಟೇ. ಅನುಮತಿ ಕೊಡಿ ಅಂತ ಕೇಳಲಿಲ್ಲ. ಹಾಗೆ ಅನುಮತಿ ಕೊಡೋಕೆ ಅವರಿಗೂ ಒಂದು ನಿಯಮ ಬೇಕಲ್ಲ. ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆವು. ಪ್ರತಿ ಜೂನ್‌ನಲ್ಲಿ ಒಂದು ಪತ್ರ, ಒಂದು ಸೀಲು. ಉತ್ತರ ಯಾವತ್ತೂ ಬರಲಿಲ್ಲ. ಯಾಕೆ ಸುಮ್ನೆ ಮೈಮೇಲೆ ಎಳೆದುಕೊಳ್ತೀರಿ ಅಂತ ಸ್ನೇಹಿತರು ಕೇಳಿದರು. ಅಡಗಿ ಕೂತರೆ ಕಾಯ್ದೆ ನಮ್ಮಂಥವರನ್ನು ಎಂದೂ ನೋಡೋದೇ ಇಲ್ಲ, ನೋಡದೆ ನಿಯಮ ಮಾಡೋದೂ ಇಲ್ಲ. ನನಗೆ ಒಂದು ನಿಯಮ ಬೇಕು. ವರ್ಷಕ್ಕೊಮ್ಮೆ ತಿಳಿಸಿ, ದಾಖಲೆ ಇಡಿ, ಯಾರಾದರೂ ಬಂದು ಮಗುವಿನ ಜೊತೆ ಅರ್ಧ ಗಂಟೆ ಮಾತಾಡ್ತಾರೆ ಅಂತ ಸರ್ಕಾರ ಹೇಳಿದರೆ ನಾನು ಖುಷಿಯಿಂದ ಒಪ್ಪುತ್ತೇನೆ. ಅಷ್ಟು ಇದ್ದಿದ್ದರೆ ಸಿಆರ್‌ಪಿ ಸರ್‌ಗೆ ಆ ಎರಡು ಮನೆಗಳ ನಡುವಿನ ವ್ಯತ್ಯಾಸ ಬರೆಯೋಕೆ ಒಂದು ಕಾಲಂ ಸಿಗುತ್ತಿತ್ತು.

ಕಾಯ್ದೆಯ ಒಂದು ಸೆಕ್ಷನ್ ಮಾತ್ರ ನನಗೆ ಈ ಐದಾರು ವರ್ಷ ನಿದ್ದೆ ಕೊಟ್ಟಿದೆ, ನಾಲ್ಕನೆಯದು. ಆರು ವರ್ಷ ದಾಟಿದ ಮಗು ಶಾಲೆ ಬಿಟ್ಟಿದ್ದರೆ, ಸೇರದೇ ಇದ್ದರೆ, ಅದನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಬೇಕಾದರೆ ವಿಶೇಷ ತರಬೇತಿ ಕೊಡಬೇಕು. ಅಂದರೆ ನಮ್ಮ ತೀರ್ಮಾನ ತಪ್ಪಾಗಿದ್ದರೆ ಮಗಳಿಗೆ ವಾಪಸ್ ಬಾಗಿಲು ಇದೆ. ಪ್ರತಿ ಮೇ ತಿಂಗಳಲ್ಲಿ ಅವಳನ್ನು ಕೇಳುತ್ತಿದ್ದೆ, ಈ ವರ್ಷ ಶಾಲೆಗೆ ಹೋಗ್ತೀಯಾ ಅಂತ. ಒಂದು ವರ್ಷ ತುಂಬಾ ಯೋಚನೆ ಮಾಡಿ, ಬೇಡ ಅಂದಳು.

ಸರ್ಟಿಫಿಕೇಟ್ ಯಾರು ಕೊಡ್ತಾರೆ ಅನ್ನೋ ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎನ್‌ಐಒಎಸ್‌ನಲ್ಲಿ, ಅಂದರೆ ದಿನಾ ಶಾಲೆಗೆ ಹೋಗದೆ ಓದಿ ಪರೀಕ್ಷೆ ಬರೆಯಬಹುದಾದ ಮುಕ್ತ ಶಾಲೆಯಲ್ಲಿ. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಅಂತ ಶುರುವಾದ ಕೇಂದ್ರ ಸರ್ಕಾರದ ಮಂಡಳಿ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಕೆಳಗಿನ ತರಗತಿಗಳಿಗೂ ಎ, ಬಿ, ಸಿ ಅಂತ ಹಂತಗಳಿವೆ, 3, 5, 8ನೇ ತರಗತಿಗೆ ಸಮ. ನಾವು ಅದಕ್ಕೆ ಹೋಗಲಿಲ್ಲ. ಹತ್ತನೇ ತರಗತಿಗೆ 14 ತುಂಬಿರಬೇಕು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಕನ್ನಡವನ್ನೂ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಂದು ಸಲ ನೋಂದಾಯಿಸಿದರೆ ಐದು ವರ್ಷ ಸಮಯ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಹೊಟ್ಟೆನೋವು ಬರುತ್ತಿದ್ದ ಮಗುವಿನ ಅಮ್ಮನಿಗೆ ಈ ಒಂಬತ್ತು ಅನ್ನೋ ಸಂಖ್ಯೆ ಎಂಥ ಸಮಾಧಾನ ಅಂತ ಹೇಳೋಕೆ ಬರಲ್ಲ. ಮುಂದಿನ ಓದಿಗೆ ಬೆಲೆ ಇದೆಯಾ ಅಂತ ಕೇಳುವವರಿಗೆ ಒಂದು ಮಾತು: 2018ರಲ್ಲಿ ಓಪನ್ ಸ್ಕೂಲಿನಲ್ಲಿ ಓದಿದವರು ನೀಟ್ ಬರೆಯೋ ಹಾಗಿಲ್ಲ ಅಂತ ನಿಯಮ ಬಂದಾಗ ದೆಹಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು.

ಮಗಳಿಗೆ ಡಿಸೆಂಬರಿನಲ್ಲಿ 14 ತುಂಬಿತು. ಹೋದ ವಾರ ಅರ್ಜಿ ತುಂಬಲು ಕೂತೆವು. ಜನನ ಪ್ರಮಾಣಪತ್ರ, ಆಧಾರ್, ಫೋಟೋ, ಸಹಿ. ಎಂಟನೇ ತರಗತಿ ಪಾಸಾದ ಪತ್ರ ನಮ್ಮ ಹತ್ತಿರ ಇಲ್ಲ. ಇಲ್ಲದವರಿಗೆ ಒಂದು ದಾರಿ ಇದೆ, ಸ್ವಯಂ ಘೋಷಣೆ. ಹತ್ತನೇ ತರಗತಿಯ ಓದಿಗೆ ಬೇಕಾದಷ್ಟು ನಾನು ಕಲಿತಿದ್ದೇನೆ ಅಂತ ಬರೆದು ಸಹಿ ಹಾಕಿದರೆ ಆಯಿತು. ನಾನಲ್ಲ, ಅವಳು.

ಮಗಳು ಪೆನ್ನು ಹಿಡಿದು ಹಾಗೇ ಕೂತಳು. "ಅಮ್ಮ, ಬೇಕಾದಷ್ಟು ಕಲಿತಿದ್ದೀನಾ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಕಲಿತಿದ್ದೀಯ, ಹಾಕು ಅನ್ನಬಹುದಿತ್ತು. ಅನ್ನಲಿಲ್ಲ. ಅಟ್ಟದಿಂದ ನೋಟ್‌ಬುಕ್ಕುಗಳನ್ನು ಇಳಿಸಿ ಅವಳ ಮುಂದಿಟ್ಟೆ. ಐದು ಲಾಂಗ್ ಬುಕ್, ಮೇಷ್ಟರ ಸಹಿ ಇರುವ ಹಾಳೆಗಳು, ಸೀಲು ಬಿದ್ದ ಪತ್ರಗಳು. ಅವಳು ಮೊದಲನೆಯದರಿಂದ ಶುರು ಮಾಡಿದಳು. ರಾತ್ರಿ ಊಟಕ್ಕೂ ಎಬ್ಬಿಸಬೇಕಾಯಿತು. ಮಾರನೇ ದಿನ ಮಧ್ಯಾಹ್ನ ಮತ್ತೆ ಮೊದಲ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. "ಇಲ್ಲಿ ಹುರುಳಿ ತೂಕ ತಪ್ಪಿದೆ ಅಂತ ಅನ್ಸುತ್ತೆ. ರಾಗಿ ಒಂದು ಪಾವಿಗೂ ಇದಕ್ಕೂ ಇಷ್ಟೊಂದು ವ್ಯತ್ಯಾಸ ಬರಲ್ಲ." ಡಬ್ಬ ಇಳಿಸಿ, ಪಾವು ತುಂಬಿ, ಅಂಗೈಯಿಂದ ಮೇಲೆ ಸವರಿ, ತಕ್ಕಡಿಗೆ ಸುರಿದಳು. ತಪ್ಪಿತ್ತು. ಹಳೆಯ ಅಂಕಿಯನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಅವತ್ತಿನ ತಾರೀಖು ಹಾಕಿದಳು. ಆಮೇಲೆ ಹಜಾರಕ್ಕೆ ಹೋಗಿ ಘೋಷಣೆಗೆ ಸಹಿ ಮಾಡಿದಳು.